ಮೂಳೆ ನಮ್ಮದು, ಚರ್ಮ ನಿಮ್ಮದು

ನನ್ನನ್ನು ಮುಳಬಾಗಿಲಿನ ಉರ್ದು ಶಾಲೆಗೆ ಸೇರಿಸಿದ ದಿನ ಅಬ್ಬಾ ನನ್ನ ಕೈಯನ್ನು ಮೇಷ್ಟರ ಕೈಯಲ್ಲಿಟ್ಟು ಒಂದು ಮಾತು ಹೇಳಿದರು. ‘ಹಡ್ಡಿ ಹಮಾರಿ, ಚಮ್ಡಿ ತುಮಾರಿ, ಹಜ್ರತ್.’ ಮೂಳೆ ನಮ್ಮದು, ಚರ್ಮ ನಿಮ್ಮದು. ಮೂಳೆ ಮುರಿಯದಂತೆ ನೋಡಿಕೊಂಡು ಎಷ್ಟು ಬೇಕಾದರೂ ಹೊಡೆಯಿರಿ ಎಂಬುದು ಅದರ ಅರ್ಥ. ಅಬ್ಬಾ ಕ್ರೂರಿಯಾಗಿರಲಿಲ್ಲ. ಸಂತೆಯಿಂದ ಬರುವಾಗ ಟವೆಲಿನ ತುದಿಯಲ್ಲಿ ಕಡಲೆಪುರಿ ಕಟ್ಟಿಕೊಂಡು ಬರುತ್ತಿದ್ದ ಮನುಷ್ಯ ಅವರು. ಅವರ ಅಬ್ಬಾ ಅವರ ಮೇಷ್ಟರಿಗೆ ಹೇಳಿದ್ದನ್ನೇ ಅವರು ನನ್ನ ಮೇಷ್ಟರಿಗೆ ಹೇಳಿದ್ದರು. ಮುಂದೆ ಕನ್ನಡ ಮಾಧ್ಯಮದ ಹೈಸ್ಕೂಲಿಗೆ ಹೋದಾಗ ಅಲ್ಲಿ ‘ದಂಡಂ ದಶಗುಣಂ’ ಎಂಬ ಮಾತು ನನಗಾಗಿ ಕಾದಿತ್ತು. ಭಾಷೆ ಬದಲಾಗಿತ್ತು, ಬೆತ್ತ ಅದೇ ಇತ್ತು.

ಈ ಮಾತು ಈಗ ನೆನಪಾಗಲು ಒಂದು ಕಾರಣವಿದೆ. ಅದು ನನ್ನದೇ ತಪ್ಪಿನ ಕತೆ. ಕತೆ ಬರೆಯುವವನಾದರೂ ಇದನ್ನು ನಾನು ಇದುವರೆಗೆ ಬರೆದಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಒಂದು ಸಂಜೆ ನಮ್ಮ ಬೀದಿಯ ಗೆಳೆಯನೊಬ್ಬ ಮನೆಗೆ ಬಂದ. ಆಟೋ ರಿಪೇರಿ ಮಾಡುತ್ತಿದ್ದವನು. ನನ್ನ ಮದುವೆಯಲ್ಲಿ ಮೂರು ದಿನ ನಿದ್ದೆಗೆಟ್ಟು ಓಡಾಡಿದವನು. ಅವನ ಐದು ವರ್ಷದ ಮಗನ ಎಡಗೈ ಊದಿಕೊಂಡಿತ್ತು. ‘ಭಾಯ್, ನೀವೂ ಬನ್ನಿ. ನೀವು ಕನ್ನಡದಲ್ಲಿ ಮಾತಾಡಿದರೆ ಆಸ್ಪತ್ರೆಯವರು ಕೇಳ್ತಾರೆ’ ಎಂದ. ಹೋದೆ. ಏನಾಯಿತೆಂದು ದಾರಿಯಲ್ಲಿ ಕೇಳಿದೆ. ಅವನು ತಲೆ ತಗ್ಗಿಸಿ, ‘ಕೋಪ ಬಂದುಬಿಡ್ತು ಭಾಯ್’ ಎಂದನಷ್ಟೆ. ಕೈ ಊದಿಕೊಂಡು ಎರಡು ದಿನವಾಗಿತ್ತು.

ಆಸ್ಪತ್ರೆಯಲ್ಲಿ ನರ್ಸಮ್ಮ ಒಬ್ಬರು ಮಗುವಿನ ತೋಳನ್ನು ಮೆಲ್ಲಗೆ ಹಿಡಿದು ಏನಾಯಿತೆಂದು ವಿಚಾರಿಸಿದರು. ಗೆಳೆಯ ನನ್ನ ಮುಖ ನೋಡಿದ. ನಾನು, ‘ಮೆಟ್ಟಿಲಿಂದ ಬಿದ್ದ’ ಎಂದೆ. ಅವರು ಮಗುವಿನ ಅಂಗಿ ಎತ್ತಿ ಬೆನ್ನು ನೋಡಿದರು. ಮತ್ತೆ ಅಂಗಿ ಇಳಿಸಿ ನನ್ನತ್ತ ತಿರುಗಿ, ‘ಮನೇಲಿ ಎಷ್ಟು ಮೆಟ್ಟಿಲಿದೆ ಸಾರ್?’ ಎಂದು ಕೇಳಿದರು.

ಗೆಳೆಯನದು ಹೆಂಚಿನ ಮನೆ. ಹೊಸ್ತಿಲು ಬಿಟ್ಟರೆ ಅಲ್ಲಿ ಮೆಟ್ಟಿಲೇ ಇರಲಿಲ್ಲ. ನನಗೆ ಸಿಟ್ಟು ಬಂತು. ‘ನೀವು ಔಷಧಿ ಕೊಡಿ, ಪೊಲೀಸರ ಕೆಲಸ ಮಾಡಬೇಡಿ’ ಎಂದುಬಿಟ್ಟೆ. ಒಳಗಿನಿಂದ ಬಂದ ಡಾಕ್ಟರು, ‘ಹೋಗ್ಲಿ ಬಿಡಮ್ಮ, ಗೊತ್ತಿರೋ ಜನ’ ಎಂದರು. ಕೈಗೆ ಕಟ್ಟು ಬಿತ್ತು. ಹೊರಗೆ ಬರುವಾಗ ಹುಡುಗ ತನ್ನ ಅಪ್ಪನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಆ ನರ್ಸಮ್ಮ ಕೇಳಿದ್ದು ಸರಿಯೇ? ಒಂದು ಮನೆಯ ಒಳಗನ್ನು ಇಣುಕುವ ಹಕ್ಕು ಅವರಿಗೆ ಎಲ್ಲಿಂದ ಬಂತು? ಆ ದಿನ ಈ ಪ್ರಶ್ನೆಗೆ ನನ್ನ ಉತ್ತರ ಸಿಟ್ಟಾಗಿತ್ತು. ಇಂದು ಇನ್ನೊಂದು ಉತ್ತರವನ್ನು ಹುಡುಕಬೇಕೆನಿಸುತ್ತದೆ.

ಹೆತ್ತವರೇ ಮಗುವನ್ನು ಹಿಂಸಿಸಬಲ್ಲರು ಎಂಬುದನ್ನು ನಂಬಲು ವೈದ್ಯಲೋಕಕ್ಕೂ ಸುಲಭವಾಗಲಿಲ್ಲ. 1860ರಲ್ಲಿ ಪ್ಯಾರಿಸ್ಸಿನ ಆಂಬ್ರಾಸ್ ಟಾರ್ಡ್ಯೂ ಎಂಬ ವೈದ್ಯ ಹೀಗೆ ಹಿಂಸೆಗೊಳಗಾದ 32 ಮಕ್ಕಳ ವಿವರ ಪ್ರಕಟಿಸಿದ. ಅವರಲ್ಲಿ 18 ಮಂದಿ ಸತ್ತಿದ್ದರು. ಯಾರೂ ಅದನ್ನು ಹೆಚ್ಚು ಗಮನಿಸಲಿಲ್ಲ. 1946ರಲ್ಲಿ ಅಮೆರಿಕದ ಎಕ್ಸ್‌ರೇ ತಜ್ಞ ಜಾನ್ ಕ್ಯಾಫೆ ಆರು ಕೂಸುಗಳ ಎಕ್ಸ್‌ರೇಗಳನ್ನು ಮುಂದಿಟ್ಟ. ತಲೆಯೊಳಗೆ ರಕ್ತ ಸೋರಿದ ಆ ಕೂಸುಗಳ ಕೈಕಾಲಿನ ಮೂಳೆಗಳೂ ಮುರಿದಿದ್ದವು. ಕಾರಣವನ್ನು ನೇರವಾಗಿ ಹೇಳಲು ಅವನೂ ಹಿಂಜರಿದ. 1962ರಲ್ಲಿ ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಅವನ ಜೊತೆಗಾರರು ಆಸ್ಪತ್ರೆಗಳಿಂದ 302 ಪ್ರಕರಣಗಳನ್ನು ಕಲೆಹಾಕಿ, ಇದು ಅಪಘಾತವಲ್ಲ, ಹೊಡೆತ ಎಂದು ಬರೆದರು. ಆ 302 ಮಕ್ಕಳಲ್ಲಿ 33 ಮಂದಿ ಸತ್ತಿದ್ದರು, 85 ಮಂದಿಯ ಮಿದುಳಿಗೆ ಶಾಶ್ವತ ಹಾನಿಯಾಗಿತ್ತು. ಆಮೇಲೆ ಕೆಲವೇ ವರ್ಷಗಳಲ್ಲಿ ಅಮೆರಿಕದ ರಾಜ್ಯಗಳೆಲ್ಲ, ವೈದ್ಯರು ಇಂಥ ಅನುಮಾನವನ್ನು ವರದಿ ಮಾಡಲೇಬೇಕೆಂದು ಕಾನೂನು ಮಾಡಿದವು.

ಟಾರ್ಡ್ಯೂನಿಂದ ಕೆಂಪ್‌ವರೆಗೆ ನೂರು ವರ್ಷ. ಆ ನೂರು ವರ್ಷವೂ ಮಕ್ಕಳು ಆಸ್ಪತ್ರೆಗೆ ಬರುತ್ತಲೇ ಇದ್ದರು. ವೈದ್ಯರಿಗೆ ಕಣ್ಣಿರಲಿಲ್ಲವೆಂದಲ್ಲ. ಎದುರಿಗೆ ಕೂತು ಅಳುತ್ತಿರುವ ತಂದೆ ತಾಯಿಯನ್ನು ನಂಬದಿರುವುದು ಹೇಗೆ ಎಂಬ ಸಂಕೋಚ ಕಣ್ಣಿಗೆ ಅಡ್ಡ ಬರುತ್ತಿತ್ತು. ಕೊನೆಗೆ ಸಾಕ್ಷಿ ನುಡಿದದ್ದು ಮೂಳೆ. ಅಬ್ಬಾ ‘ನಮ್ಮದು’ ಎಂದು ಉಳಿಸಿಕೊಂಡಿದ್ದರಲ್ಲ, ಆ ಮೂಳೆ.

ಕುರುಹು ಓದುವುದನ್ನು ನಮ್ಮ ಜಿಲ್ಲೆಯ ವೈದ್ಯರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹುಡುಗನೊಬ್ಬ ಬಾಯಿ ತೆರೆದರೆ ಸಾಕು, ಹಲ್ಲಿನ ಮೇಲಿನ ಕಂದು ಗೆರೆ ನೋಡಿ ಇವನು ಫ್ಲೋರೈಡ್ ಇರುವ ಕೊಳವೆ ಬಾವಿ ನೀರು ಕುಡಿದು ಬೆಳೆದವನು ಎಂದು ಹೇಳಿಬಿಡುತ್ತಾರೆ. ಹಾಗೆ ಹೇಳಲು ಅವರಿಗೆ ಯಾವ ಅಂಜಿಕೆಯೂ ಇಲ್ಲ. ಫ್ಲೋರೈಡಿಗೆ ಬಂಧುಗಳಿಲ್ಲ, ಅದು ಆಸ್ಪತ್ರೆಯ ಬಾಗಿಲಿಗೆ ಬಂದು ಜಗಳ ಆಡುವುದಿಲ್ಲ. ಹಲ್ಲಿನಿಂದ ಊರಿನ ಬಾವಿಯನ್ನು ಗುರುತಿಸುವವರು ಬಾಸುಂಡೆಯಿಂದ ಮನೆಯನ್ನು ಗುರುತಿಸಲಾರರೇ?

ಗುರುತಿಸಬಲ್ಲರು. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಆಡುವ ಮಗು ಬೀಳುತ್ತದೆ, ಪೆಟ್ಟಾಗುತ್ತದೆ. ಆದರೆ ಬಿದ್ದ ಮಗುವಿಗೆ ಪೆಟ್ಟಾಗುವುದು ಹೆಚ್ಚಾಗಿ ಹಣೆ, ಗದ್ದ, ಮೊಣಕೈ, ಮೊಣಕಾಲುಗಳಿಗೆ. ಕಿವಿ, ಕತ್ತು, ಬೆನ್ನು, ಹೊಟ್ಟೆ, ತೊಡೆಯ ಒಳಭಾಗ ನೆಲಕ್ಕೆ ತಾಗುವುದು ಅಪರೂಪ. ಇನ್ನೂ ಮಗುಚಿಕೊಳ್ಳಲೂ ಬಾರದ ಮೂರು ತಿಂಗಳ ಕೂಸಿನ ಮೈಮೇಲೆ ರಕ್ತ ಹೆಪ್ಪುಗಟ್ಟಿದ ಕಲೆಯಿದ್ದರೆ, ಅದು ಎಷ್ಟೇ ಚಿಕ್ಕದಿರಲಿ, ನಿಂತು ಯೋಚಿಸಬೇಕು. ಬಿಸಿನೀರು ತಾನಾಗಿ ಚೆಲ್ಲಿದರೆ ಸುಟ್ಟ ಗಾಯ ಅಡ್ಡಾದಿಡ್ಡಿಯಾಗಿರುತ್ತದೆ, ಸುತ್ತ ಹನಿ ಸಿಡಿದ ಕಲೆಗಳಿರುತ್ತವೆ. ಕಾಲನ್ನು ಹಿಡಿದು ಅದ್ದಿದರೆ ಕಾಲುಚೀಲ ತೊಡಿಸಿದಂತೆ ಒಂದೇ ನೇರ ಗೆರೆ ಮೂಡುತ್ತದೆ. ಒಂದೇ ಎಕ್ಸ್‌ರೇಯಲ್ಲಿ ಹೊಸದಾಗಿ ಮುರಿದ ಮೂಳೆಯೂ ತಿಂಗಳ ಹಿಂದೆ ಮುರಿದು ಕೂಡುತ್ತಿರುವ ಮೂಳೆಯೂ ಕಂಡರೆ ಅದಕ್ಕೊಂದು ಹಿನ್ನೆಲೆ ಇರುತ್ತದೆ.

ಗಾಯಕ್ಕಿಂತ ಹೆಚ್ಚಿನದನ್ನು ಗಾಯದ ಕತೆ ಹೇಳುತ್ತದೆ. ಕರೆತಂದವರು ಹೇಳುವ ಕಾರಣಕ್ಕೂ ಗಾಯಕ್ಕೂ ಹೊಂದಿಕೆಯಾಗುತ್ತಿದೆಯೇ? ತಾಯಿ ಒಂದು ಹೇಳಿ, ತಂದೆ ಇನ್ನೊಂದು ಹೇಳಿ, ಗಂಟೆ ಕಳೆದ ಮೇಲೆ ಇಬ್ಬರೂ ಮೂರನೆಯದನ್ನು ಹೇಳುತ್ತಿದ್ದಾರೆಯೇ? ಆಸ್ಪತ್ರೆಗೆ ತರಲು ತಡವಾದದ್ದೇಕೆ? ಸೂಜಿ ಕಂಡರೆ ಕಿರುಚಬೇಕಾದ ಮಗು ಕಲ್ಲಿನಂತೆ ಕೂತಿರುವುದೇಕೆ? ಎರಡು ದಿನದ ಊತ, ಇಲ್ಲದ ಮೆಟ್ಟಿಲು, ಬೆನ್ನಿನ ಮೇಲಿನ ಗುರುತು. ಆ ನರ್ಸಮ್ಮ ಓದಿದ್ದು ಇಷ್ಟನ್ನೇ.

ಆದರೆ ಓದುವುದರಲ್ಲಿ ತಪ್ಪೂ ಆಗಬಹುದು. ನಮ್ಮ ಎಷ್ಟೋ ಕೂಸುಗಳಿಗೆ ಹುಟ್ಟುವಾಗಲೇ ಸೊಂಟದ ಮೇಲೆ ನೀಲಿ ಮಚ್ಚೆಗಳಿರುತ್ತವೆ, ಅವು ಹೊಡೆತದ ಗುರುತಲ್ಲ. ರಕ್ತ ಹೆಪ್ಪುಗಟ್ಟದ ಕಾಯಿಲೆ ಇದೆ, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವ ಕಾಯಿಲೆ ಇದೆ. ಬರೆಯ ವಿಷಯವಂತೂ ಇನ್ನೂ ತೊಡಕಿನದು. ಕಾಮಾಲೆ ಎಂದೋ ಉಸಿರಾಟದ ತೊಂದರೆ ಎಂದೋ ಕೂಸಿನ ಹೊಟ್ಟೆಗೆ ಬರೆ ಎಳೆಯುವ ಪದ್ಧತಿ ಕರ್ನಾಟಕದ ಹಳ್ಳಿಗಳಿಂದ ಪೂರ್ತಿ ಹೋಗಿಲ್ಲ. ಹಟ ಮಾಡಿದ ಮಗುವಿಗೆ ‘ಬರೆ ಎಳೀತೀನಿ’ ಎಂದು ಹೆದರಿಸುವುದೂ, ಕೆಲವೊಮ್ಮೆ ಎಳೆದೇಬಿಡುವುದೂ ನಮ್ಮಲ್ಲೇ ಇದೆ. ಚರ್ಮದ ಮೇಲೆ ಎರಡೂ ಒಂದೇ ಕಲೆ. ಒಂದರ ಹಿಂದೆ ಮಗು ಉಳಿಯಲಿ ಎಂಬ ಕಂಗಾಲು ಪ್ರೀತಿ, ಇನ್ನೊಂದರ ಹಿಂದೆ ಕ್ರೋಧ. ಮೊದಲನೆಯ ತಾಯಿಗೆ ತಿಳಿವಳಿಕೆ ಬೇಕು, ಎರಡನೆಯ ಮಗುವಿಗೆ ರಕ್ಷಣೆ ಬೇಕು. ಯಾವುದು ಯಾವುದೆಂದು ತಿಳಿಯಬೇಕಾದರೆ ಕೇಳಲೇಬೇಕು. ಕೇಳದೆ ಮುಲಾಮು ಹಚ್ಚಿ ಕಳಿಸಿದರೆ ಇಬ್ಬರಿಗೂ ಅನ್ಯಾಯ.

ಲೈಂಗಿಕ ದೌರ್ಜನ್ಯದಲ್ಲಿ ಈ ಓದು ಇನ್ನೂ ಕಠಿಣ. ದೌರ್ಜನ್ಯಕ್ಕೊಳಗಾದ ಮಕ್ಕಳಲ್ಲಿ ಹೆಚ್ಚಿನವರ ದೇಹ ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಇದನ್ನು ಸಾಮಾನ್ಯ ಜನರಷ್ಟೇ ಅಲ್ಲ, ಎಷ್ಟೋ ವೈದ್ಯರೂ ಮರೆಯುತ್ತಾರೆ. ‘ಪರೀಕ್ಷೆಯಲ್ಲಿ ಏನೂ ಇಲ್ಲ’ ಎಂಬ ವಾಕ್ಯವನ್ನು ಮನೆಯವರು ‘ಏನೂ ಆಗಿಲ್ಲ’ ಎಂದು ಓದಿಕೊಳ್ಳುತ್ತಾರೆ. ಇಲ್ಲಿ ಸಾಕ್ಷಿ ದೇಹದ್ದಲ್ಲ, ಮಗುವಿನ ಮಾತಿನದು, ನಡವಳಿಕೆಯದು. ಮತ್ತೆ ಶುರುವಾದ ಹಾಸಿಗೆ ಒದ್ದೆ, ಕಾರಣವಿಲ್ಲದ ಹೊಟ್ಟೆನೋವು, ಶಾಲೆ ಬೇಡವೆನ್ನುವ ಹಟ, ಒಬ್ಬ ನೆಂಟ ಬಂದರೆ ಮಂಚದ ಕೆಳಗೆ ಅಡಗುವ ಭಯ. ಇವುಗಳಲ್ಲಿ ಒಂದೊಂದಕ್ಕೂ ಬೇರೆ ಕಾರಣಗಳಿರಬಹುದು. ಆದರೆ ಜಂತುಹುಳುವಿನ ಮಾತ್ರೆ ಬರೆಯುವ ಮುನ್ನ ‘ನಿನಗೆ ಯಾರನ್ನಾದರೂ ಕಂಡರೆ ಭಯವಾ ಪುಟ್ಟಾ?’ ಎಂದು ಕೇಳಲು ಅರ್ಧ ನಿಮಿಷ ಸಾಕು.

ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ ಅಧ್ಯಯನ ಅದು. ನಮ್ಮ ಪಕ್ಕದ ಆಂಧ್ರವೂ ಅದರಲ್ಲಿತ್ತು. ಶೇ. 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿರುವುದಾಗಿ ಹೇಳಿದ್ದರು. ಮೂವರಲ್ಲಿ ಇಬ್ಬರು ಹೊಡೆತ ತಿಂದಿದ್ದರು. ಮನೆಯೊಳಗೆ ಹೊಡೆತ ತಿಂದವರಲ್ಲಿ ಶೇ. 88.6ರಷ್ಟು ಮಂದಿಗೆ ಹೊಡೆದವರು ಹೆತ್ತವರೇ. ಲೈಂಗಿಕ ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿಕೊಂಡಿರಲಿಲ್ಲ.

2018ರ ಆಗಸ್ಟ್‌ನಲ್ಲಿ ಮಾಲೂರಿನಲ್ಲಿ ಹತ್ತನೇ ತರಗತಿಯ ಬಾಲಕಿಯೊಬ್ಬಳ ಕೊಲೆಯಾದಾಗ ಊರಿಗೆ ಊರೇ ಬೀದಿಗಿಳಿಯಿತು. ಸೆಪ್ಟೆಂಬರ್‌ನಲ್ಲೇ ಕೋಲಾರದ ನ್ಯಾಯಾಲಯ ಅಪರಾಧಿಗೆ ಮರಣದಂಡನೆ ವಿಧಿಸಿತು. ಬೀದಿಯಲ್ಲಿ ನಡೆದ ಕ್ರೌರ್ಯಕ್ಕೆ ನಮಗೆ ಬಾಯಿ ಇದೆ. ಬಾಗಿಲ ಹಿಂದೆ ನಡೆದದ್ದಕ್ಕೆ ಇಲ್ಲ. ಅದೇ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು 2023ರ ಡಿಸೆಂಬರ್‌ನಲ್ಲಿ ಹೊರಬಂತು. ಪ್ರಾಂಶುಪಾಲರೂ ಶಿಕ್ಷಕರೊಬ್ಬರೂ ಬಂಧಿತರಾದರು. ಹೆಣ್ಣುಮಕ್ಕಳ ಆಕ್ಷೇಪಾರ್ಹ ಫೋಟೊ ತೆಗೆದ ಆರೋಪದ ಮೇಲೆ ಅಲ್ಲಿನ ಶಿಕ್ಷಕರೊಬ್ಬರ ವಿರುದ್ಧ ಪೋಕ್ಸೋ ಪ್ರಕರಣವೂ ದಾಖಲಾಯಿತು. 2024ರಲ್ಲಿ ಹೈಕೋರ್ಟ್ ಆ ಪ್ರಕರಣವನ್ನು ರದ್ದುಪಡಿಸಲು ನಿರಾಕರಿಸಿತು. ಮಲದ ಗುಂಡಿಯ ಸಂಗತಿಯನ್ನು ಜಗತ್ತಿಗೆ ತೋರಿಸಿದ್ದು ಒಂದು ಮೊಬೈಲ್ ವಿಡಿಯೊ. ಮರುತಿಂಗಳು, 2024ರ ಜನವರಿಯಲ್ಲಿ, ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದ ಬಾಗೇಪಲ್ಲಿಯ ಆಸ್ಪತ್ರೆಗೆ ಹೊಟ್ಟೆನೋವೆಂದು ಬಂದ ಒಂಬತ್ತನೇ ತರಗತಿಯ ಹಾಸ್ಟೆಲ್ ಹುಡುಗಿ ಮಗುವನ್ನು ಹೆತ್ತಳು. ಅಷ್ಟೂ ತಿಂಗಳು ಅವಳ ಸುತ್ತ ಇದ್ದ ದೊಡ್ಡವರು ಎಷ್ಟು ಜನ!

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆ, ಅಂಗನವಾಡಿಗಳಿಗೆ ಹೋಗಿ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಹುಟ್ಟಿನ ದೋಷ, ಪೋಷಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಎಂಬ ನಾಲ್ಕು ಬಗೆಯ ತೊಂದರೆಗಳನ್ನು ಹುಡುಕುವುದು ಅದರ ಉದ್ದೇಶ. ಒಳ್ಳೆಯ ಕೆಲಸ. ಎಷ್ಟೋ ಮಕ್ಕಳ ಹೃದಯದ ರಂಧ್ರ ಮುಚ್ಚಿದೆ, ಸೀಳುತುಟಿ ಕೂಡಿದೆ. ಆದರೆ ಆ ನಾಲ್ಕರಲ್ಲಿ ಭಯ ಎಂಬುದು ಸೇರಿಲ್ಲ.

ಇನ್ನು ಎದುರು ವಾದಕ್ಕೆ ಬರೋಣ. ಅದು ಹಗುರವಾದುದಲ್ಲ. ವಿನಾಕಾರಣ ಗುಮಾನಿ ಪಡುವುದು ಪಾಪವೆಂದು ಕಲಿತು ಬೆಳೆದವರು ನಾವು. ಇನ್ನೊಬ್ಬರ ಐಬನ್ನು ಮುಚ್ಚುವುದು ಪುಣ್ಯವೆಂದೂ ಕಲಿತಿದ್ದೇವೆ. ಹಿಂದೂ ಮನೆಗಳಲ್ಲೂ ‘ಮನೆ ಮಾತು ಬೀದಿಗೆ ಬರಬಾರದು’ ಎಂಬುದು ಹಿರಿಯರ ಬುದ್ಧಿಮಾತು. ಬಡವನ ಮನೆಗೆ ಪೊಲೀಸರು ಬಂದುಹೋದರೆ, ಏನೂ ಇಲ್ಲವೆಂದು ಆಮೇಲೆ ಸಾಬೀತಾದರೂ, ಆ ಮನೆಯ ಹೆಣ್ಣುಮಕ್ಕಳಿಗೆ ಮದುವೆ ಕೂಡಿಬರುವುದು ಕಷ್ಟ. ನಮ್ಮಂಥ ಸಮುದಾಯಕ್ಕೆ ಇನ್ನೊಂದು ಭಯವೂ ಇದೆ. ಒಬ್ಬನ ತಪ್ಪು ಇಡೀ ಜಾತಿಯ ಹಣೆಗೆ ಅಂಟುತ್ತದೆ.

ಆತುರದ ಅನುಮಾನ ಏನು ಮಾಡಬಲ್ಲದು ಎಂಬುದಕ್ಕೂ ಉದಾಹರಣೆ ಇದೆ. 1987ರಲ್ಲಿ ಇಂಗ್ಲೆಂಡಿನ ಕ್ಲೀವ್‌ಲೆಂಡಿನಲ್ಲಿ ಇಬ್ಬರು ಮಕ್ಕಳ ವೈದ್ಯರು ಮುಖ್ಯವಾಗಿ ಒಂದೇ ದೈಹಿಕ ಲಕ್ಷಣವನ್ನು ನೆಚ್ಚಿಕೊಂಡು ಕೆಲವೇ ತಿಂಗಳಲ್ಲಿ 121 ಮಕ್ಕಳು ಲೈಂಗಿಕ ದೌರ್ಜನ್ಯಕ್ಕೊಳಗಾಗಿದ್ದಾರೆಂದು ತೀರ್ಮಾನಿಸಿದರು. ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಲಾಯಿತು. ಬಹುಪಾಲು ಮಕ್ಕಳು ಕೊನೆಗೆ ಮನೆಗೆ ಮರಳಿದರು. 1988ರ ವಿಚಾರಣಾ ವರದಿ ಒಂದೇ ಲಕ್ಷಣಕ್ಕೆ ಅಷ್ಟು ತೂಕ ಕೊಟ್ಟದ್ದನ್ನು ಟೀಕಿಸಿತು.

ಅದೇ ಇಂಗ್ಲೆಂಡಿನಲ್ಲಿ ಇದರ ತಿರುಗುಮುರುಗಿನ ಕತೆಯೂ ನಡೆಯಿತು. ಆಫ್ರಿಕದ ಐವರಿ ಕೋಸ್ಟ್‌ನ ವಿಕ್ಟೋರಿಯಾ ಕ್ಲಿಂಬಿ ಎಂಬ ಬಾಲಕಿಯನ್ನು ಓದಿಸುತ್ತೇನೆಂದು ಬಂಧುವೊಬ್ಬಳು ಕರೆದೊಯ್ದಿದ್ದಳು. 1999ರ ಜುಲೈನಲ್ಲಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಅವಳು ಬಂದಾಗ ಕಿರಿಯ ವೈದ್ಯರಿಗೆ ಅನುಮಾನ ಬಂತು. ಹಿರಿಯ ವೈದ್ಯೆ ಆ ಗುರುತುಗಳನ್ನು ಕಜ್ಜಿ ಎಂದರು. ಪೊಲೀಸ್ ರಕ್ಷಣೆ ತೆಗೆಯಲಾಯಿತು. ಹತ್ತೇ ದಿನದಲ್ಲಿ ಮತ್ತೊಂದು ಆಸ್ಪತ್ರೆಗೆ ಸುಟ್ಟ ಗಾಯಗಳೊಂದಿಗೆ ಬಂದಳು. ನರ್ಸುಗಳ ಕಣ್ಣಿಗೆ ಬೆಲ್ಟಿನ ಗುರುತಿನಂಥವು ಬಿದ್ದವು. ಆದರೂ ಅವಳನ್ನು ಅದೇ ಮನೆಗೆ ಕಳಿಸಲಾಯಿತು. 2000ದ ಫೆಬ್ರವರಿಯಲ್ಲಿ ಅವಳು ಸತ್ತಾಗ ಎಂಟು ವರ್ಷ. ಮೈಮೇಲೆ 128 ಗಾಯಗಳಿದ್ದವು. ನೋಡಿದವರಿಗೆ ಕೊರತೆ ಇರಲಿಲ್ಲ. ನೋಡಿದ್ದನ್ನು ಕೊನೆ ಮುಟ್ಟಿಸಿದವರು ಇರಲಿಲ್ಲ.

ಈ ಎರಡು ತಪ್ಪುಗಳ ನಡುವೆ ದಾರಿ ಇಲ್ಲವೇ? ಇದೆ. ಅನುಮಾನ ಬೇರೆ, ಆರೋಪ ಬೇರೆ, ತೀರ್ಪು ಬೇರೆ. ಕ್ಲೀವ್‌ಲೆಂಡಿನಲ್ಲಿ ಅನುಮಾನವೇ ತೀರ್ಪಾಯಿತು. ವಿಕ್ಟೋರಿಯಾಳ ವಿಷಯದಲ್ಲಿ ಅನುಮಾನವನ್ನು ಹುಟ್ಟಿದಲ್ಲೇ ಅದುಮಲಾಯಿತು. ಆರೋಗ್ಯ ಕಾರ್ಯಕರ್ತೆಯ ಕೆಲಸ ಅನುಮಾನವನ್ನು ಪ್ರಾಮಾಣಿಕವಾಗಿ ಹೇಳುವುದು, ಕಂಡದ್ದನ್ನು ಕಂಡಂತೆ ಬರೆಯುವುದು, ಅಷ್ಟೆ. ಯಾರು ಮಾಡಿದರು ಎಂದು ಹುಡುಕುವುದು ಅವಳ ಕೆಲಸವಲ್ಲ. ಐಬು ಮುಚ್ಚುವ ಪುಣ್ಯ ತನ್ನ ಪಾಡಿಗೆ ತಾನು ಎಡವಿದವನಿಗೆ ಸಲ್ಲಬೇಕು. ಮಗುವಿನ ಗಾಯವನ್ನು ಮುಚ್ಚಿದರೆ ಅದು ಐಬು ಮುಚ್ಚಿದ್ದಲ್ಲ, ಜುಲುಮಿಗೆ ಪರದೆ ಕಟ್ಟಿದ್ದು. ಮನೆಯ ಮರ್ಯಾದೆ ಎಂದು ನಾವು ಹೇಳುವಾಗ ಆ ಮನೆಯಲ್ಲಿ ಮಗುವೂ ಒಬ್ಬ ಸದಸ್ಯ, ಅದಕ್ಕೂ ಒಂದು ಮರ್ಯಾದೆ ಇದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ನಮ್ಮ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ 19ನೇ ಕಲಂ ಪುರಾವೆ ಕೇಳುವುದಿಲ್ಲ. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ಸದುದ್ದೇಶದಿಂದ ಹೇಳಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೇಳದಿದ್ದವರಿಗೆ ಆರು ತಿಂಗಳವರೆಗೆ ಸಜೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ. ಎಫ್‌ಐಆರ್ ಆಗಿಲ್ಲ, ಪೊಲೀಸರ ಪತ್ರ ತಂದಿಲ್ಲ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಮೊದಲು ಚಿಕಿತ್ಸೆ, ಕಾಗದ ಆಮೇಲೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ ಶುರು ಮಾಡಬೇಕಾಗುತ್ತದೆ, ಆ ಗಡಿಯಾರ ಯಾರ ಸಹಿಗೂ ಕಾಯುವುದಿಲ್ಲ. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು, ಮಗು ನಂಬುವವರೊಬ್ಬರು ಜೊತೆಗಿರಬೇಕು. ಮಗುವಿನ ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರಬಾರದು. ಮಕ್ಕಳ ಕಲ್ಯಾಣ ಸಮಿತಿಗೆ 24 ಗಂಟೆಯೊಳಗೆ ವಿಷಯ ಮುಟ್ಟಿಸಬೇಕು. ಮನೆಯ ಹೊಡೆತದ ವಿಷಯದಲ್ಲಿ ಕಾನೂನು ಇಷ್ಟು ಖಚಿತವಾಗಿಲ್ಲ. ಆದರೂ ಅನುಮಾನದ ಗಾಯವನ್ನು ಎಂಎಲ್‌ಸಿ ಎಂದು ದಾಖಲಿಸುವುದಕ್ಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದಕ್ಕೆ ಅಡ್ಡಿಯಿಲ್ಲ.

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಹಾಸ್ಟೆಲ್ ಒಂದರ ಬಾಲಕಿಯರ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ತಿಳಿಸಲಿಲ್ಲವೆಂಬ ಆರೋಪ ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಮೇಲೆ ಬಂತು. ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿತ್ತು. 2022ರ ನವೆಂಬರ್ 2ರಂದು ಸುಪ್ರೀಂ ಕೋರ್ಟ್ ಅದಕ್ಕೆ ಮತ್ತೆ ಜೀವ ಕೊಟ್ಟಿತು. ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ, ಅದು ಬಹಳ ಸಲ ಅಪರಾಧಿಯನ್ನು ಕಾಪಾಡುವ ಯತ್ನವಾಗಿರುತ್ತದೆ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು.

ಕಾನೂನಿನ ಕಟ್ಟಳೆ ಇಷ್ಟು ಸರಳ. ಬದುಕು ಅಷ್ಟು ಸರಳವಲ್ಲ. ಹದಿನಾರು ವರ್ಷದ ಹುಡುಗಿ ಗರ್ಭಿಣಿಯಾಗಿ ತಾಯಿ ಕಾರ್ಡಿಗೆ ಬರುತ್ತಾಳೆ. ಕೊರಳಲ್ಲಿ ತಾಳಿ ಅಥವಾ ಲಚ್ಚಾ. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು. ಹದಿನೆಂಟು ತುಂಬದ ಹೆಂಡತಿಯೊಂದಿಗಿನ ಸಂಬಂಧ ಅತ್ಯಾಚಾರವೆಂದು 2017ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಶಾ ಕಾರ್ಯಕರ್ತೆ ವರದಿ ಮಾಡಿದರೆ ಗಂಡ ಜೈಲಿಗೆ ಹೋಗುತ್ತಾನೆ. ಸುದ್ದಿ ಹಬ್ಬಿದರೆ ಮುಂದಿನ ಹುಡುಗಿ ಆಸ್ಪತ್ರೆಗೇ ಬರುವುದಿಲ್ಲ, ಮನೆಯಲ್ಲೇ ಹೆರುತ್ತಾಳೆ, ಸಾಯಲೂಬಹುದು. ವರದಿ ಮಾಡದಿದ್ದರೆ ಕಾರ್ಯಕರ್ತೆಯೇ ಅಪರಾಧಿ. ಈ ಇಕ್ಕಟ್ಟು ನ್ಯಾಯಾಲಯಕ್ಕೂ ಅರ್ಥವಾಗಿದೆ. ಅಪ್ರಾಪ್ತೆಯ ಗರ್ಭಪಾತದ ಸಂದರ್ಭದಲ್ಲಿ, ಅವಳೂ ಪೋಷಕರೂ ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತನ್ನು ಬಿಟ್ಟುಕೊಡಬೇಕಾಗಿಲ್ಲ ಎಂದು 2022ರ ಸೆಪ್ಟೆಂಬರ್ 29ರ ತೀರ್ಪು ಹೇಳಿತು. ವರದಿ ಮಾಡುವುದು ಮಗುವಿಗಾಗಿ. ವರದಿಯೇ ಮಗುವನ್ನು ಆಸ್ಪತ್ರೆಯಿಂದ ಓಡಿಸಬಾರದು. ಈ ಎಚ್ಚರವಿಲ್ಲದ ಕಾನೂನುಪಾಲನೆಯೂ ಒಂದು ಬಗೆಯ ಕೈತೊಳೆದುಕೊಳ್ಳುವಿಕೆಯೇ.

ನಮ್ಮ ತಾಲ್ಲೂಕುಗಳಿಗೆ ಸೇರಿದ ಇನ್ನೊಂದು ಕಷ್ಟವಿದೆ. ಅದು ಭಾಷೆಯದು. ಶ್ರೀನಿವಾಸಪುರದ ಮಾವಿನ ತೋಪಿನ ಊರುಗಳಲ್ಲೂ ಮುಳಬಾಗಿಲಿನ ಗಡಿಯಲ್ಲೂ ಎಷ್ಟೋ ಮನೆಗಳ ಮಾತು ತೆಲುಗು. ಕೋಲಾರದ ನಮ್ಮ ಮೊಹಲ್ಲಾಗಳಲ್ಲಿ ದಖನಿ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಹೊರರಾಜ್ಯದ ಕೂಲಿಗಳ ಭಾಷೆ. ಆಸ್ಪತ್ರೆಯ ಕಾಗದ ಕನ್ನಡ ಅಥವಾ ಇಂಗ್ಲಿಷ್. ಐದು ವರ್ಷದ ಮಗುವಿಗೆ ಗೊತ್ತಿರುವುದು ಅಮ್ಮನ ಭಾಷೆ ಮಾತ್ರ. ಅದು ಹೇಳಿದ್ದನ್ನು ನರ್ಸಿಗೆ ತಿಳಿಸಿ ಹೇಳುವವರು ಯಾರು? ಜೊತೆಗೆ ಬಂದ ದೊಡ್ಡವರು. ಹೊಡೆದವನೇ ದುಭಾಷಿಯಾದರೆ ಮಗು ಹೇಳಿದ ‘ಅಬ್ಬಾ’ ಎಂಬ ಮಾತು ‘ಮೆಟ್ಟಿಲು’ ಎಂದಾಗುತ್ತದೆ. ನಾನು ಆ ದಿನ ಮಾಡಿದ್ದು ಅದನ್ನೇ. ಉರ್ದುವನ್ನೂ ಕನ್ನಡವನ್ನೂ ಓದಿದವನೆಂಬ ಹೆಮ್ಮೆ ನನಗಿತ್ತು. ಎರಡು ಭಾಷೆಗಳ ನಡುವೆ ಸೇತುವೆಯಾಗಬೇಕಾದವನು ಗೋಡೆಯಾಗಿ ನಿಂತೆ. ಮಗುವನ್ನು ಒಂದೈದು ನಿಮಿಷ ಬೇರೆ ಕೂರಿಸಿ, ಅದರ ಭಾಷೆ ಬಲ್ಲ ಆಯಾಳನ್ನೋ ಆಶಾಳನ್ನೋ ಕರೆಸಿ, ‘ಏನಾಯ್ತು?’ ಎಂದು ಕೇಳಿ ಸುಮ್ಮನೆ ಕಾಯುವುದು, ‘ಅಪ್ಪ ಹೊಡೆದನಾ?’ ಎಂದು ಉತ್ತರವನ್ನು ಬಾಯಿಗೆ ತುರುಕದಿರುವುದು. ಅದು ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದುಕೊಳ್ಳುವುದು. ‘ಯಾರಿಗೂ ಹೇಳಲ್ಲ’ ಎಂದು ಸುಳ್ಳು ಆಣೆ ಮಾಡದೆ, ‘ನಿನ್ನ ತಪ್ಪಿಲ್ಲ, ನಿನಗೆ ಸಹಾಯ ಮಾಡುವವರಿಗೆ ಹೇಳುತ್ತೇನೆ’ ಎನ್ನುವುದು. ಇಷ್ಟಕ್ಕೆ ದೊಡ್ಡ ಆಸ್ಪತ್ರೆ ಬೇಕಾಗಿಲ್ಲ.

ಆದರೆ ಧೈರ್ಯ ಬೇಕು. ಆ ಧೈರ್ಯವನ್ನು ಒಬ್ಬಂಟಿ ಹೆಣ್ಣಿನಿಂದ ಕೇಳುವುದಕ್ಕೆ ನಮಗೆ ಏನು ಹಕ್ಕಿದೆ? ಡಾಕ್ಟರು ವರ್ಗವಾಗಿ ಹೋಗುತ್ತಾರೆ. ಆಶಾ ಕಾರ್ಯಕರ್ತೆ ಅದೇ ಬೀದಿಯಲ್ಲಿರುತ್ತಾಳೆ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವಳು ದೂರು ಕೊಟ್ಟ ಮನೆಯ ಪಕ್ಕದಲ್ಲೇ ಅವಳ ಮನೆ, ಅದೇ ನಲ್ಲಿಯಲ್ಲಿ ನೀರು, ಅದೇ ಅಂಗಡಿಯಲ್ಲಿ ಸಾಲ. ನಾಳೆ ಪೋಲಿಯೋ ಹನಿ ಹಿಡಿದು ಅದೇ ಬಾಗಿಲು ತಟ್ಟಬೇಕು. ಹೇಳಿದವರ ಹೆಸರನ್ನು ಗುಟ್ಟಾಗಿಡುವ ಏರ್ಪಾಡು, ಪಿಎಚ್‌ಸಿಯ ವೈದ್ಯರು ತಾವೇ ಸಹಿ ಹಾಕಿ ಜವಾಬ್ದಾರಿ ಹೊರುವ ಪದ್ಧತಿ, ಊರಿನಲ್ಲಿ ಅವಳ ಬೆನ್ನಿಗೆ ನಿಲ್ಲುವ ನಾಲ್ಕು ಜನ. ಇವಿಲ್ಲದೆ ಕಾಯ್ದೆಯ ಹತ್ತೊಂಬತ್ತನೇ ಕಲಮನ್ನು ಅವಳ ತಲೆಯ ಮೇಲೆ ಹೇರುವುದು ಸರಿಯಲ್ಲ. ಆ ನಾಲ್ಕು ಜನ ಯಾರು? ಮೇಷ್ಟರು, ಮಸೀದಿಯ ಕಮಿಟಿಯವರು, ದೇವಸ್ಥಾನದ ಧರ್ಮದರ್ಶಿಗಳು, ಪಂಚಾಯ್ತಿ ಸದಸ್ಯರು, ಕತೆ ಬರೆಯುವ ನನ್ನಂಥವರು. ಸಾಮಾನ್ಯವಾಗಿ ನಾವೇ ಆಸ್ಪತ್ರೆಗೆ ಫೋನ್ ಮಾಡಿ ‘ಗೊತ್ತಿರೋ ಜನ, ಕೇಸು ಗೀಸು ಬೇಡ’ ಎನ್ನುವವರು.

ಹಾಗಾದರೆ ಆ ದಿನ ನಾನು ಏನು ಮಾಡಬೇಕಿತ್ತು? ಗೆಳೆಯನನ್ನು ಪೊಲೀಸರಿಗೆ ಒಪ್ಪಿಸಬೇಕಿತ್ತೇ? ಬಹಳ ಸಲ ಕೇಳಿಕೊಂಡಿದ್ದೇನೆ. ಅವನು ರಾಕ್ಷಸನಾಗಿರಲಿಲ್ಲ. ಅವನಿಗೂ ಯಾರೋ ಒಬ್ಬರು ಚಮ್ಡಿ ತುಮಾರಿ ಎಂದು ಹೇಳಿ ಒಪ್ಪಿಸಿದ್ದರು. ಬಹುಶಃ ಸತ್ಯ ಹೇಳಿದ್ದರೆ ಅವನ ಕೈಯನ್ನು ಯಾರಾದರೂ ಹಿಡಿಯುತ್ತಿದ್ದರು. ಮಗನಷ್ಟೇ ಅವನಿಗೂ ಅದು ಬೇಕಿತ್ತು. ‘ಮೆಟ್ಟಿಲಿಲ್ಲ ಸಿಸ್ಟರ್, ಹೊಡೆದಿದ್ದಾನೆ’ ಎಂದು ಹೇಳುವುದು ಗೆಳೆತನಕ್ಕೆ ದ್ರೋಹವಾಗುತ್ತಿರಲಿಲ್ಲ ಎಂಬುದು ಈಗ ತಿಳಿಯುತ್ತದೆ. ಆಗ ಗೆಳೆಯನ ಮುಖ ಉಳಿಸಿದೆ, ಮಗುವಿನ ಕೈ ಕೆಡಿಸಿದೆ.

ಅವರು ಆಮೇಲೆ ಬೆಂಗಳೂರಿಗೆ ಹೋದರು. ಮೂರು ವರ್ಷದ ಹಿಂದೆ ಕೋಲಾರದ ಒಂದು ನಿಕಾಹಿನಲ್ಲಿ ಯುವಕನೊಬ್ಬ ಬಂದು ಸಲಾಮ್ ಹೇಳಿದ. ‘ಚಾಚಾ, ಗುರುತು ಸಿಕ್ಕಿತಾ?’ ಎಂದ. ಸಿಕ್ಕಿತು. ಬಿರಿಯಾನಿಯ ತಟ್ಟೆ ಹಿಡಿದಿದ್ದ ಅವನ ಎಡಗೈ ಮೊಣಕೈಯ ಬಳಿ ಪೂರ್ತಿ ನೇರವಾಗುತ್ತಿರಲಿಲ್ಲ. ನಾನು ಕೈಯ ಬಗ್ಗೆ ಕೇಳಲಿಲ್ಲ. ಅವನೂ ಹೇಳಲಿಲ್ಲ. ನನ್ನ ಮಕ್ಕಳು ಏನು ಓದುತ್ತಿದ್ದಾರೆಂದು ವಿಚಾರಿಸಿದ.

ಮಗುವಿನ ಚರ್ಮ ಮೇಷ್ಟರದಲ್ಲ, ಮೂಳೆ ಅಪ್ಪನದಲ್ಲ. ಎರಡೂ ಮಗುವಿನದೇ. ಅದನ್ನು ಆ ಸಂಜೆ ನಮ್ಮೆಲ್ಲರಿಗಿಂತ ಮೊದಲು ತಿಳಿದಿದ್ದವರು ಆ ನರ್ಸಮ್ಮ ಒಬ್ಬರೇ. ಅವರ ಹೆಸರು ನನಗೆ ಗೊತ್ತಿಲ್ಲ. ಈಗ ನಿವೃತ್ತರಾಗಿರಬಹುದು. ಎಷ್ಟು ಮೆಟ್ಟಿಲಿದೆ ಎಂದು ಅವರು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ. ಒಂದೂ ಇರಲಿಲ್ಲ, ಸಿಸ್ಟರ್.